ಮೊಸರನ್ನದ ಬೆಕ್ಕುಗಳು

ನಾನು ಹುಟ್ಟಿದಾಗಿನಿಂದ ಇವತ್ತಿನವರೆಗೆ ಮೊಟ್ಟೆಯನ್ನೂ ಬಾಯಿಗಿಟ್ಟವಳಲ್ಲ. ಹುಟ್ಟುಹಬ್ಬ ಎಂದು ಯಾರಾದರೂ ಕೇಕು ಕೊಟ್ಟರೆ ಮೊದಲು ಅದರ ಕುಲಗೋತ್ರ ವಿಚಾರಿಸಿ ಆಮೇಲೆ ಕೈ ಚಾಚುತ್ತೇನೆ. ಆದರೂ ಕೋಳಿಯ ಯಾವ ಭಾಗ ಯಾವ ವಾರ ಅಗ್ಗ, ಯಾವುದು ಎಷ್ಟು ಹೊತ್ತಿಗೆ ಬೇಯುತ್ತದೆ, ಯಾವುದನ್ನು ದಿನಾ ಕೊಡಬಹುದು, ಯಾವುದನ್ನು ಕೊಡಬಾರದು ಎಂಬುದನ್ನು ನನ್ನಷ್ಟು ಖಚಿತವಾಗಿ ಬಲ್ಲ ಹೆಂಗಸು ರಾಮನಗರದ ನಮ್ಮ ಬೀದಿಯಲ್ಲಿ ಇನ್ನೊಬ್ಬಳಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನಾಚಿಕೆಯಿಂದಲೂ ಹೇಳುತ್ತಿಲ್ಲ, ನಾಚಿಕೆಪಡುವ ಘಟ್ಟ ದಾಟಿ ಬಹಳ ದಿನಗಳಾದವು. ಮನುಷ್ಯನಿಗೆ ಯಾವ ವಿದ್ಯೆ ಯಾವಾಗ ಒಲಿಯುತ್ತದೆಂದು ಹೇಳಲಾಗದು. ಸಂಗೀತ ಕಲಿಯಬೇಕೆಂದು ಆರು ವರ್ಷ ಒದ್ದಾಡಿದೆ, ಒಲಿಯಲಿಲ್ಲ. ಇದು ಆರು ತಿಂಗಳಲ್ಲಿ ಒಲಿಯಿತು.

ನಮ್ಮದು ಉದ್ದನೆಯ ಹಳೆಯ ಹೆಂಚಿನ ಮನೆ. ಮುಂದಿನ ಹಜಾರದಲ್ಲಿ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟು. ಈ ಕಾಲದಲ್ಲೂ ಟೈಪಿಂಗ್ ಕಲಿಯುವವರು ಇದ್ದಾರೆಯೇ ಎಂದು ನೀವು ಕೇಳುತ್ತೀರಿ. ಇದ್ದಾರೆ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವವರು ಇರುವವರೆಗೆ ಇರುತ್ತಾರೆ. ಆದರೆ ಹನ್ನೆರಡು ಯಂತ್ರಗಳಿರುವ ಕಡೆ ಐದು ಜನ ಇರುತ್ತಾರೆ. ಮಿಕ್ಕ ಏಳು ಯಂತ್ರಗಳಿಗೆ ಬಟ್ಟೆ ಹೊದಿಸಿದ್ದೇನೆ. ಮನೆಯ ಹಿಂಭಾಗದಲ್ಲಿ ನಾನು ಮತ್ತು ನಮ್ಮವರು. ನಮ್ಮವರು ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಶಾಲೆ ಅವರನ್ನು ಬಿಟ್ಟಿತೇ ಹೊರತು ಅವರು ಶಾಲೆಯನ್ನು ಬಿಟ್ಟಿಲ್ಲ. ಮನೆ ಮಡಿಯ ಮನೆ. ನಮ್ಮ ಅಡುಗೆಮನೆಯಲ್ಲಿ ಈರುಳ್ಳಿಗೂ ವಾರಕ್ಕೆ ಎರಡು ದಿನ ರಜೆ.

ಹಿತ್ತಿಲ ಗೋಡೆಯಾಚೆ ಒಂದು ರೇಷ್ಮೆ ನೂಲು ತೆಗೆಯುವ ಘಟಕವಿತ್ತು. ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆ ತೆಗೆದ ಮೇಲೆ ಒಳಗಿನ ಹುಳು ಉಳಿಯುತ್ತದಲ್ಲ, ಅದರ ವಾಸನೆಯನ್ನು ಹೊರಗಿನವರು ಮೂಗು ಮುಚ್ಚಿಕೊಂಡು ವರ್ಣಿಸುತ್ತಾರೆ. ನಮಗೆ ಅದು ಊರಿನ ಗಾಳಿ. ಆ ಹುಳು ತಿಂದುಕೊಂಡು ಘಟಕದ ಸೂರಿನಡಿ ಕೆಲವು ಬೆಕ್ಕುಗಳು ಬದುಕಿದ್ದವು. ಅವು ಯಾರವೂ ಅಲ್ಲ, ಯಾರ ಕೈಗೂ ಸಿಗುವಂಥವೂ ಅಲ್ಲ. ಒಂದು ದಿನ ಘಟಕದ ಮಾಲೀಕರು ಬಾಗಿಲು ಹಾಕಿದರು. ಕೆಲಸದವರು ಬೇರೆ ಘಟಕಗಳಿಗೆ ಹೋದರು. ಬೆಕ್ಕುಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವು ನಾಲ್ಕು ದಿನ ಬೀಗದ ಮುಂದೆ ಕೂತು, ಐದನೆಯ ದಿನ ನಮ್ಮ ಗೋಡೆಯ ಮೇಲೆ ಕೂತವು. ಮೂರು ಬಣ್ಣದ ಒಂದು ತಾಯಿ, ಅದರ ಬೆಳೆದ ಮಕ್ಕಳು ಎರಡು, ಮತ್ತು ಇವರಿಂದ ಮೂರು ಮೊಳ ದೂರದಲ್ಲಿ, ಯಾರ ಸಂಬಂಧಿಯೂ ಅಲ್ಲವೆಂಬಂತೆ, ಒಂದು ಬೂದು ಗಂಡು. ಕೂಗಲಿಲ್ಲ. ಸುಮ್ಮನೆ ನನ್ನನ್ನು ನೋಡಿದವು. ಕೂಗಿದ್ದರೆ ಓಡಿಸುತ್ತಿದ್ದೆ.

ನಾನು ಅವಕ್ಕೆ ಮೊಸರನ್ನ ಕಲಸಿ ಹಾಕಿದೆ. ನಮ್ಮ ಮನೆಯಲ್ಲಿ ದುಃಖಕ್ಕೆ, ಜ್ವರಕ್ಕೆ, ಪ್ರಯಾಣಕ್ಕೆ, ಎಲ್ಲಕ್ಕೂ ಮೊಸರನ್ನವೇ ಮದ್ದು. ಹಸಿದಿದ್ದವು, ತಿಂದವು. ಬೆಳಿಗ್ಗೆ ಹಾಲನ್ನ, ರಾತ್ರಿ ಮೊಸರನ್ನ ಎಂದು ಗೊತ್ತುಮಾಡಿದೆ. ಶನಿವಾರ ಸ್ವಲ್ಪ ತುಪ್ಪ. ಎರಡು ತಿಂಗಳು ನಾನು ಪುಣ್ಯ ಸಂಪಾದಿಸುತ್ತಿದ್ದೇನೆಂದೇ ತಿಳಿದಿದ್ದೆ. ಅಷ್ಟರಲ್ಲಿ ತಾಯಿಬೆಕ್ಕಿನ ಕೂದಲು ಉದುರತೊಡಗಿತು. ಬೆನ್ನ ಮೇಲೆ ಅಂಗೈಯಗಲ ಚರ್ಮ ಕಾಣಿಸಿತು. ಮಕ್ಕಳೆರಡಕ್ಕೂ ಹೊಟ್ಟೆ ಕೆಟ್ಟು, ಅದರ ಪ್ರಮಾಣಪತ್ರವನ್ನು ತುಳಸಿಕಟ್ಟೆಯ ಬುಡದಲ್ಲಿ ಇಟ್ಟು ಹೋಗುತ್ತಿದ್ದವು.

ಇದನ್ನು ಮೊದಲು ಕಂಡು ಬಾಯಿಬಿಟ್ಟು ಹೇಳಿದವಳು ಜಯಮ್ಮ. ಹಿಂದಿನ ಓಣಿಯ ಮನೆಯವಳು, ಸಾತನೂರಿನ ಕಡೆಯ ಹೆಣ್ಣು. ಮುಚ್ಚಿಹೋದ ಅದೇ ಘಟಕದಲ್ಲಿ ಹತ್ತು ವರ್ಷ ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕಿದವಳು. ಈಗ ಊರಾಚೆಯ ಇನ್ನೊಂದು ಘಟಕಕ್ಕೆ ಹೋಗುತ್ತಾಳೆ. ಗೋಡೆಯ ಮೇಲಿಂದ ಇಣುಕಿ ನನ್ನ ತಟ್ಟೆ ನೋಡಿದಳು.

“ಅಲ್ಲಕ್ಕಾ, ಅವೇನ್ ಬೆಕ್ಕುಗಳಾ, ಇಲ್ಲಾ ಮಠದ್ ಸ್ವಾಮ್ಗೋಳಾ? ಮೊಸ್ರನ್ನ ಇಕ್ತಿದ್ದೀರಲ್ಲ!”

“ತಿಂತಾವಲ್ಲ ಜಯಮ್ಮ,” ಎಂದೆ.

“ಹೊಟ್ಟೆಗ್ ಬೆಂಕಿ ಬಿದ್ರೆ ನಾನೂ ತಿಂತೀನಿ. ಅದ್ರ ಬೆನ್ ನೋಡಿ, ಪುಕ್ಕ ಕಿತ್ತ ಕೋಳಿ ಆದಂಗಾಗೈತೆ.”

ಆ ಉಪಮೆಯಲ್ಲಿ ಮುಂದಿನದರ ಸೂಚನೆಯಿತ್ತೆಂದು ಆಗ ನನಗೆ ಹೊಳೆಯಲಿಲ್ಲ. ತಾಯಿಬೆಕ್ಕನ್ನು ಹಿಡಿದು ಪಶು ಆಸ್ಪತ್ರೆಗೆ ಒಯ್ಯೋಣವೆಂದು ಬುಟ್ಟಿ ಹಿಡಿದು ಎರಡು ದಿನ ಪ್ರಯತ್ನಿಸಿದೆ. ಕೊನೆಗೆ ಬೆಕ್ಕನ್ನು ಬಿಟ್ಟು ನಾನೊಬ್ಬಳೇ ಹೋದೆ, ಫೋನಿನಲ್ಲಿ ಅದರ ಬೆನ್ನಿನ ಫೋಟೋ ಇಟ್ಟುಕೊಂಡು. ಸಾಲಿನಲ್ಲಿ ನನ್ನ ಮುಂದೆ ಒಂದು ಎಮ್ಮೆ, ಹಿಂದೆ ಎರಡು ಮೇಕೆ. ಖಾಲಿ ಕೈಯಲ್ಲಿ ಬಂದವಳು ನಾನೊಬ್ಬಳೇ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಫೋಟೋ ನೋಡಿದರು.

“ಏನು ಹಾಕ್ತೀರ ಮೇಡಂ?”

“ರಾತ್ರಿ ಮೊಸರನ್ನ.”

“ಬೆಳಿಗ್ಗೆ?”

“ಹಾಲನ್ನ. ಶನಿವಾರ ತುಪ್ಪ.”

ಆಕೆ ಪೆನ್ನು ಕೆಳಗಿಟ್ಟರು. “ಮೇಡಂ, ಅವು ನಿಮ್ಮ ಹಾಗೆ ಬದುಕೋಕಾಗಲ್ಲ. ಬೆಕ್ಕಿಗೆ ಮಾಂಸ ಬೇಕೇ ಬೇಕು. ಇಲ್ಲದಿದ್ದರೆ ಬರೀ ಕೂದಲಲ್ಲ, ಕಣ್ಣು ಹೋಗುತ್ತೆ, ಹೃದಯ ಹಾಳಾಗುತ್ತೆ. ಹಾಲು ಬಹಳ ಬೆಕ್ಕಿಗೆ ಜೀರ್ಣವೇ ಆಗಲ್ಲ. ನಿಲ್ಲಿಸಿ.”

ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರದ ಪೊಟ್ಟಣ ತಂದು ಹಾಕಲೇ ಎಂದು ಕೇಳಿದೆ. ಹಾಕಿ, ಒಳ್ಳೆಯದು ಎಂದರು. ದಾರಿಯಲ್ಲೇ ಒಂದು ಪೊಟ್ಟಣ ಕೊಂಡೆ. ನಾಲ್ಕು ಬೆಕ್ಕುಗಳು ಅದನ್ನು ಮೂರು ದಿನದಲ್ಲಿ ಮುಗಿಸಿ, ಖಾಲಿ ಪೊಟ್ಟಣವನ್ನೂ ನೆಕ್ಕಿದವು. ಅದರ ಬೆಲೆಗೆ ನಮ್ಮ ಮನೆಗೆ ಒಂದು ವಾರದ ತರಕಾರಿ ಬರುತ್ತಿತ್ತು. ಐದು ಜನ ವಿದ್ಯಾರ್ಥಿಗಳ ಫೀಸಿನಲ್ಲಿ ನಾಲ್ಕು ಬೆಕ್ಕುಗಳನ್ನು ಪೊಟ್ಟಣದ ಮೇಲೆ ಸಾಕುವುದೆಂದರೆ ನಾವಿಬ್ಬರೂ ಮೊಸರನ್ನಕ್ಕೆ ಇಳಿಯಬೇಕು. ಮತ್ತೆ ಆಸ್ಪತ್ರೆಗೆ ಹೋದೆ. ಡಾಕ್ಟರು ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಕೋಳಿಯ ಗುಂಡಿಗೆ, ಕತ್ತಿನ ಮಾಂಸ, ಚೂರು ಪಾರು, ಲಿವರ್ ಒಂದು ಚೂರು ಮಾತ್ರ, ದಿನಾ ಬೇಡ, ವಾರಕ್ಕೆರಡು ಬೇಯಿಸಿದ ಮೊಟ್ಟೆ, ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಸೋಕಬಾರದು, ಬೇಯಿಸಿದ ಮೂಳೆ ಒಂದೂ ಇರಬಾರದು, ಕುಡಿಯಲು ನೀರು. ಕೈಲಾದಾಗಲೆಲ್ಲ ಪೊಟ್ಟಣದ ಆಹಾರ ಒಂದು ಹಿಡಿ ಬೆರೆಸಿ. “ಕೋಳಿ ಅಂಗಡೀಲಿ ಜನ ಬೇಡ ಅನ್ನೋದನ್ನೇ ಕೇಳಿ ಮೇಡಂ, ಅಗ್ಗಕ್ಕೆ ಕೊಡ್ತಾರೆ,” ಎಂದರು.

ಮನೆಗೆ ಬಂದು ನಮ್ಮವರಿಗೆ ಚೀಟಿ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

“ಇದೆಲ್ಲ ಅತಿಯಾಯಿತು. ಮೊಸರನ್ನ ತಿಂದೇ ನಾವು ಅರವತ್ತೈದು ವರ್ಷ ಬದುಕಿಲ್ಲವಾ?” ಎಂದರು.

ನಾನು ಅವರ ತಲೆ ನೋಡಿದೆ. ಅಲ್ಲಿ ಒಂದು ಕೂದಲೂ ಇರಲಿಲ್ಲ. ಕನ್ನಡಕದ ಗಾಜು ನೋಡಿದೆ. ಅದು ಸೀಸೆಯ ತಳದಷ್ಟು ದಪ್ಪವಿತ್ತು. ಕಳೆದ ವರ್ಷ ಹೃದಯಕ್ಕೆ ಮಾತ್ರೆಯೂ ಶುರುವಾಗಿತ್ತು. ಚೀಟಿ ಮಡಚಿಕೊಂಡು ಒಳಗೆ ಹೋದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಅಡುಗೆಮನೆಯ ಬಾಗಿಲಿಗೆ ಬಂದು, “ಅದು ಹೊಸ್ತಿಲ ಒಳಗೆ ಬರಕೂಡದು, ಅಷ್ಟೇ,” ಎಂದರು.

ಮಾರನೆಯ ಭಾನುವಾರ ಶಿವರಾಜುವಿನ ಕೋಳಿ ಅಂಗಡಿಯ ಮುಂದೆ ನಾನು ಮೂರು ಸಲ ಹಾದುಹೋದೆ. ಮೊದಲ ಸಲ ಪಕ್ಕದ ಹೂವಿನವಳ ಹತ್ತಿರ ಹೂವು ಕೊಂಡೆ. ಎರಡನೆಯ ಸಲ ಅದೇ ಹೂವಿನವಳ ಹತ್ತಿರ ಮತ್ತೆ ಹೂವು ಕೊಂಡೆ. ಮೂರನೆಯ ಸಲ ಹೋದಾಗ ಆಕೆಯೇ, “ಕೋಳಿ ಅಂಗ್ಡಿಯವ್ರನ್ನ ಏನೋ ಕೇಳ್ಬೇಕು ಅಂತಿದ್ದೀರ, ಕೇಳಿ ಬುಡಿ,” ಎಂದಳು. ಶಿವರಾಜು ಹಿಂದೆ ನನ್ನ ಹತ್ತಿರ ಎರಡು ತಿಂಗಳು ಟೈಪಿಂಗ್ ಕಲಿಯಲು ಬಂದು ಬಿಟ್ಟವನು. ನನ್ನನ್ನು ಕಂಡದ್ದೇ ಕತ್ತಿ ಕೆಳಗಿಟ್ಟು ಎದ್ದುನಿಂತ.

“ಮೇಡಮ್ಮೋರೆ! ದಾರಿ ತಪ್ಪಿ ಬಂದ್ಬುಟ್ರಾ?”

ನಾನು ಪಿಸುಮಾತಿನಲ್ಲಿ ಚೀಟಿ ಓದಿದೆ. ಅವನಿಗೆ ಕೇಳಿಸಲಿಲ್ಲ. ಅಂಗಡಿಯಲ್ಲಿದ್ದ ಆರೇಳು ಜನರೂ ಸದ್ದು ನಿಲ್ಲಿಸಿ ಸಹಕರಿಸಿದರು. ಆಗ ಅವನು ಒಳಗೆ ಕೋಳಿ ಕೊಯ್ಯುತ್ತಿದ್ದ ತಮ್ಮನಿಗೆ ಬೀದಿಗೆಲ್ಲ ಕೇಳುವಂತೆ ಹೇಳಿದ: “ಲೇ, ಟೈಪಿಂಗ್ ಮೇಡಮ್ಮೋರಿಗೆ ಗುಂಡ್ಗೆ, ಕತ್ತು ಹಾಕ್ಲಾ. ಲಿವರು ಒಸಿ ಸಾಕಂತೆ!”

ಅವನು ಕೊಟ್ಟ ಕವರನ್ನು ಇನ್ನೊಂದು ಕವರಿನಲ್ಲಿಟ್ಟು, ಅದನ್ನು ಬಟ್ಟೆಯ ಚೀಲದಲ್ಲಿಟ್ಟು, ಚೀಲವನ್ನು ಬುಟ್ಟಿಯಲ್ಲಿಟ್ಟು, ಯಾರಿಗೂ ಕಾಣದಿರಲೆಂದು ಮೇಲೆ ಒಂದು ದೊಡ್ಡ ಕಟ್ಟು ಕೊತ್ತಂಬರಿ ಸೊಪ್ಪು ಹರಡಿಕೊಂಡು ಹೊರಬಂದೆ. ಎದುರಿಗೆ ಪದ್ಮ ನಿಂತಿದ್ದಳು. ಪದ್ಮ ನಮ್ಮ ಭಜನಾ ಮಂಡಳಿಯವಳು. ನಾನು ಹೊರಬಂದ ಅಂಗಡಿಯ ಬೋರ್ಡು ನೋಡಿದಳು, ಬುಟ್ಟಿ ನೋಡಿದಳು, ಕೊತ್ತಂಬರಿ ನೋಡಿದಳು. ಬೋರ್ಡು ಒಂದನ್ನೇ ನೋಡಿದ್ದರೆ ಸಂಶಯದ ಲಾಭ ಸಿಗುತ್ತಿತ್ತೋ ಏನೋ. ಕೋಳಿಯ ಜೊತೆ ಕೊತ್ತಂಬರಿ ಎಂದಮೇಲೆ ಇನ್ಯಾವ ಸಾಕ್ಷಿ ಬೇಕು? “ಬೆಕ್ಕಿಗೆ,” ಎಂದೆ. “ಹೌದು ಹೌದು,” ಎಂದಳು. ಆ ಎರಡು ಹೌದುಗಳಲ್ಲಿ ಒಂದೂ ಹೌದಾಗಿರಲಿಲ್ಲ.

ಸುದ್ದಿ ಸಂಜೆಯ ರೈಲಿನಲ್ಲಿ ಚನ್ನಪಟ್ಟಣಕ್ಕೆ ಹೋಯಿತು. ಅಲ್ಲಿ ಪದ್ಮಳ ಅಕ್ಕ ಇದ್ದಾಳೆ. ಕನಕಪುರಕ್ಕೆ ಬಸ್ಸಿನಲ್ಲಿ ಹೋಗಿರಬೇಕು, ಒಂದು ದಿನ ತಡವಾಗಿ ಮುಟ್ಟಿತು. ಮಾಗಡಿಯಿಂದ ನನ್ನ ನಾದಿನಿ ಫೋನು ಮಾಡಿದಳು. “ಅತ್ತಿಗೆ, ಆರೋಗ್ಯ ತಾನೆ? ಡಾಕ್ಟ್ರು ಏನಾದ್ರೂ ಪ್ರೋಟೀನು ಅಂತ ಹೇಳಿದ್ರಾ? ಔಷಧಿ ಅಂದ್ಕೊಂಡ್ರೆ ದೋಷ ಇಲ್ಲ ಬಿಡಿ,” ಎಂದಳು. ಪಾಪ, ಒಳ್ಳೆಯ ಮನಸ್ಸಿನವಳು. ಬೆಕ್ಕಿನ ವಿಷಯ ವಿವರಿಸಿದೆ. “ಆಯ್ತು ಅತ್ತಿಗೆ, ಕೇಳಿದವರಿಗೆ ಹಾಗೇ ಹೇಳ್ತೀನಿ,” ಎಂದಳು.

ಆ ವಾರದ ಭಜನೆಗೆ ಎರಡು ದಿನ ಮೊದಲು ಮಂಡಳಿಯ ಅಧ್ಯಕ್ಷೆ ಶಕುಂತಲಮ್ಮನವರ ಫೋನು ಬಂತು. ಇಪ್ಪತ್ತು ವರ್ಷಗಳಿಂದ ಶನಿವಾರದ ನೈವೇದ್ಯದ ಪುಳಿಯೋಗರೆ ನನ್ನದು. ಮಳೆ ಬರಲಿ, ಜ್ವರ ಬರಲಿ, ಅದು ತಪ್ಪಿದ್ದಿಲ್ಲ. ನನಗೆ ರಾಗ ಬರುವುದಿಲ್ಲ, ತಾಳವೂ ಅಷ್ಟಕ್ಕಷ್ಟೇ. ಮಂಡಳಿಯಲ್ಲಿ ನಾನು ಇರುವುದೇ ಪುಳಿಯೋಗರೆಯ ಬಲದಿಂದ. “ನಿನಗೂ ವಯಸ್ಸಾಯಿತು ಕಣೆ, ಸುಸ್ತಾಗಿರಬೇಕು. ಸ್ವಲ್ಪ ದಿನ ಪದ್ಮ ಮಾಡಲಿ,” ಎಂದರು. ಶಕುಂತಲಮ್ಮನವರಿಗೆ ಎಪ್ಪತ್ತೆರಡು. ನನಗೆ ಐವತ್ತಾರು. ನನಗೆ ಸುಸ್ತಾಗಿಲ್ಲ ಎಂದು ಹೇಳಲು ಬಾಯಿ ತೆರೆದೆ. “ಆಗಲಿ,” ಎಂದಷ್ಟೇ ಹೊರಟಿತು. ಆ ಶನಿವಾರ ಹಿಂದಿನ ಸಾಲಿನಲ್ಲಿ ಕೂತು ಪದ್ಮಳ ಪುಳಿಯೋಗರೆ ತಿಂದೆ. ಹುಳಿ ಮುಂದಾಗಿತ್ತು. ಎಲ್ಲರೂ ಚೆನ್ನಾಗಿದೆ ಎಂದರು. ನನ್ನದಕ್ಕೂ ಅದೇ ಮಾತನ್ನೇ ಹೇಳುತ್ತಿದ್ದರೆಂಬುದು ಆಗ ನೆನಪಾಯಿತು, ನೆನಪಾಗದಿದ್ದರೆ ಒಳ್ಳೆಯದಿತ್ತು.

ಇತ್ತ ಕವರಿನಲ್ಲಿದ್ದದ್ದನ್ನು ಬೇಯಿಸುವುದೆಲ್ಲಿ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಜಯಮ್ಮ ಬಗೆಹರಿಸಿದ್ದಳು. ಅವಳ ಮನೆಯ ಮುಂದೆ ಸ್ನಾನದ ನೀರಿನ ಒಲೆ ಇದೆ. ಅದರ ಕೆಂಡದ ಮೇಲೆ ಹಳೆಯ ಪಾತ್ರೆಯೊಂದನ್ನಿಟ್ಟರೆ ಸೌದೆಯ ಖರ್ಚಿಲ್ಲ. ವಾರದ ಕವರೂ ಅವಳ ಫ್ರಿಜ್ಜಿನಲ್ಲೇ ಇರುತ್ತಿತ್ತು. ಬೆಂದ ಮೇಲೆ ಕತ್ತಿನ ಮಾಂಸದಿಂದ ಮೂಳೆ ಬಿಡಿಸುವುದೇ ದೊಡ್ಡ ಕೆಲಸ. ನನಗೆ ನೋಡಲೂ ಆಗದು. ಜಯಮ್ಮ ಮಾತ್ರ ಸುಡುಸುಡುವ ಗೂಡಿನಿಂದ ಕಣ್ಣಿಗೆ ಕಾಣದ ಎಳೆ ಎತ್ತಿದ ಬೆರಳುಗಳಲ್ಲಿ ಐದೇ ನಿಮಿಷದಲ್ಲಿ ಒಂದು ಚೂರೂ ಮೂಳೆ ಉಳಿಯದಂತೆ ಬಿಡಿಸಿಬಿಡುತ್ತಿದ್ದಳು. ಸಂಜೆ ಕೆಲಸದಿಂದ ಬರುವಾಗ ಮಾಲೀಕರನ್ನು ಕೇಳಿ ಒಂದು ಹಿಡಿ ಬೆಂದ ಹುಳುವನ್ನೂ ತರುತ್ತಿದ್ದಳು; ಅದು ಬೆಕ್ಕುಗಳಿಗೆ ತವರಿನ ತಿಂಡಿ. ಇಷ್ಟಕ್ಕೆ ನಾನೇನು ಕೊಡಲಿ ಎಂದು ಕೇಳಿದೆ.

ಅವಳು ಪಾತ್ರೆ ಉಜ್ಜುತ್ತಲೇ ಹೇಳಿದಳು: “ದುಡ್ ಬ್ಯಾಡಕ್ಕ. ನಿಮ್ ಮಿಶಿನ್ನು ಖಾಲಿ ನಿಂತಿರ್ತಾವಲ್ಲ, ನಂಗೂ ಒಸಿ ಕಲಿಸ್ಕೊಡ್ತೀರಾ? ಎಸ್ಸೆಲ್ಸಿ ಪಾಸಾಗಿವ್ನಿ. ಬಿಸ್ನೀರಲ್ಲಿ ಕೈ ಇಕ್ಕಿ ಇಕ್ಕಿ ಸಾಕಾಗೋಗೈತೆ.”

ಹೀಗೆ ಬಟ್ಟೆ ಹೊದ್ದಿದ್ದ ಒಂದು ಯಂತ್ರದ ಮುಸುಕು ತೆಗೆದೆ. ಮೂವತ್ತು ವರ್ಷಗಳಲ್ಲಿ ಎಷ್ಟೋ ಜನಕ್ಕೆ ಕಲಿಸಿದ್ದೇನೆ. ಅಂಥ ಬೆರಳು ನೋಡಿರಲಿಲ್ಲ. ಉಳಿದವರು ಕೀಲಿಗಳನ್ನು ಗುದ್ದುತ್ತಾರೆ. ಇವಳು ಎಳೆ ಕಡಿದುಹೋದೀತೆಂಬಂತೆ ಮುಟ್ಟುತ್ತಿದ್ದಳು, ಆದರೂ ಅಕ್ಷರ ಮುತ್ತಿನಂತೆ ಮೂಡುತ್ತಿತ್ತು. ಒತ್ತಕ್ಷರಕ್ಕೆ ಬಂದಾಗ ಮಾತ್ರ ಸ್ವಲ್ಪ ಬೈಯುತ್ತಿದ್ದಳು. ಅಭ್ಯಾಸಕ್ಕೆಂದು ಡಾಕ್ಟರ ಚೀಟಿಯನ್ನೇ ಟೈಪ್ ಮಾಡಿಸಿದೆ. ಒಂದೂ ತಪ್ಪಿಲ್ಲದ ಆ ಹಾಳೆಯನ್ನು ನಮ್ಮವರು ಹಿತ್ತಿಲ ಬಾಗಿಲಿಗೆ ಅಂಟಿಸಿದರು.

ನಮ್ಮವರ ವಿಷಯ ಹೇಳಲೇಬೇಕು. ಹೊಸ್ತಿಲ ಒಳಗೆ ಬರಕೂಡದು ಎಂದಿದ್ದ ಅವರು ತಾವೇ ಹೊಸ್ತಿಲ ಹೊರಗೆ ಹೋಗತೊಡಗಿದರು. ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ, ಎರಡೇ ಹೊತ್ತು, ಹದಿನೈದು ನಿಮಿಷದ ಮೇಲೆ ತಟ್ಟೆ ಎತ್ತಿಬಿಡಬೇಕು, ಇಲ್ಲದಿದ್ದರೆ ಇರುವೆ, ಇಲಿ, ನಾಯಿ ಎಲ್ಲ ಬರುತ್ತವೆ ಎಂದು ನಿಯಮ ಮಾಡಿದರು. ಒಂದು ಹಳೆಯ ಹಾಜರಿ ಪುಸ್ತಕ ಹುಡುಕಿ ತೆಗೆದು ನಾಲ್ಕು ಬೆಕ್ಕುಗಳ ಹಾಜರಿ ಬರೆದರು. ಅವಕ್ಕೆ ಹೆಸರಿಡಲು ಒಪ್ಪದೆ ಒಂದು, ಎರಡು, ಮೂರು, ನಾಲ್ಕು ಎಂದೇ ಬರೆಯುತ್ತಿದ್ದರು. ಬೂದು ಗಂಡು ಆಗಾಗ ಗೈರುಹಾಜರಾಗುತ್ತಿತ್ತು. “ನಾಲ್ಕು ಸುಧಾರಿಸುವ ಲಕ್ಷಣ ಇಲ್ಲ,” ಎಂದು ಮೂವತ್ತೈದು ವರ್ಷದ ಅನುಭವದಿಂದ ಹೇಳುತ್ತಿದ್ದರು. ಆದರೆ ಹೊತ್ತಿಗೆ ಸರಿಯಾಗಿ ಊಟ ಸಿಗುವುದೆಂದಾದ ಮೇಲೆ ಬೆಕ್ಕುಗಳು ಹೊತ್ತಿಗೆ ಸರಿಯಾಗಿ ಬರತೊಡಗಿದವು. ಬರತೊಡಗಿದ ಮೇಲೆ ಜಯಮ್ಮ ಒಂದೊಂದನ್ನೇ ಬುಟ್ಟಿಯಡಿ ಹಿಡಿದಳು. ನಾಲ್ಕಕ್ಕೂ ಇನ್ನು ಮರಿಯಾಗದಂತೆ ಆಪರೇಷನ್ನೂ ಆಯಿತು. ಬೂದು ಗಂಡು ಆಸ್ಪತ್ರೆಯಿಂದ ಬಂದಮೇಲೆ ಒಂದು ದಿನವೂ ಗೈರುಹಾಜರಾಗಲಿಲ್ಲ. ತಾಯಿಬೆಕ್ಕಿನ ಬೆನ್ನ ಮೇಲೆ ಮೊದಲು ನಸುಗೂದಲು, ಆಮೇಲೆ ಮೂರು ಬಣ್ಣವೂ ಬಂದವು. ಒಂದು ಬೆಳಿಗ್ಗೆ ಅದು ಬಿಸಿಲಿನಲ್ಲಿ ಹೊಳೆಯುವುದನ್ನು ನೋಡುತ್ತ ನಮ್ಮವರು ತಮ್ಮ ತಲೆಯ ಮೇಲೆ ಕೈಯಾಡಿಸಿಕೊಂಡರು. ನಾನು ನೋಡಲಿಲ್ಲವೆಂಬಂತೆ ಬಟ್ಟೆ ಒಣಹಾಕಿದೆ.

ಟೈಪಿಂಗಿನ ಜೂನಿಯರ್ ಪರೀಕ್ಷೆಯಲ್ಲಿ ಜಯಮ್ಮ ಪ್ರಥಮ ದರ್ಜೆಯಲ್ಲಿ ಪಾಸಾದಳು. ಉಳಿದ ಐವರಲ್ಲಿ ಇಬ್ಬರು ಪಾಸಾದರು, ಮೂವರು ಪರೀಕ್ಷೆಗೇ ಹೋಗಲಿಲ್ಲ. ಕೋರ್ಟಿನ ಹತ್ತಿರ ವಕೀಲರೊಬ್ಬರ ಕಚೇರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮೊದಲ ದಿನ ಗರಿಗರಿ ಸೀರೆಯುಟ್ಟು ಬಂದು, ಎರಡೂ ಅಂಗೈ ಚಾಚಿ, “ನೋಡಕ್ಕಾ, ಬೆರ್ಳು ಒಣಗವೆ,” ಎಂದಳು. ಹತ್ತು ವರ್ಷದಲ್ಲಿ ಅವಳ ಬೆರಳು ಒಣಗಿದ್ದು ಅದೇ ಮೊದಲಂತೆ. ಒಲೆಯ ಪಾತ್ರೆ ಮಾತ್ರ ಅವಳು ಬಿಡಲಿಲ್ಲ. ಬೆಳಿಗ್ಗೆ ಮೂಳೆ ಬಿಡಿಸಿಯೇ ಕಚೇರಿಗೆ ಹೋಗುತ್ತಾಳೆ.

ಅದಾದ ಕೆಲವು ದಿನಕ್ಕೆ ಶಕುಂತಲಮ್ಮನವರು ಹೇಳದೆ ಕೇಳದೆ ಮನೆಗೆ ಬಂದರು. ಕಾಫಿ ಬೇಡವೆಂದರು, ನಮ್ಮ ಮನೆಯಲ್ಲಿ ಅವರು ಕಾಫಿ ಬೇಡವೆಂದದ್ದು ಅದೇ ಮೊದಲು. ಕಣ್ಣು ಅಡುಗೆಮನೆಯ ಮೂಲೆಮೂಲೆಗೂ ಹೋಗಿ ಬಂತು. ಆಮೇಲೆ, “ಒಂದೆಸಳು ಕರಿಬೇವು ಕಿತ್ತುಕೊಳ್ತೀನಿ,” ಎಂದು ನೆಟ್ಟಗೆ ಹಿತ್ತಿಲಿಗೆ ನಡೆದರು. ಸಂಜೆ ಆರು ಗಂಟೆ. ನಾಲ್ಕು ತಟ್ಟೆ, ನಾಲ್ಕು ಬೆಕ್ಕು, ಪಕ್ಕದಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತ ನಮ್ಮವರು. ಶಕುಂತಲಮ್ಮನವರು ಬಾಗಿಲಿಗೆ ಅಂಟಿಸಿದ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು.

“ಬೆಕ್ಕಿಗೇನಾ?” ಎಂದರು.

“ಬೆಕ್ಕಿಗೇ,” ಎಂದೆ.

“ಮೊದಲೇ ಹೇಳಬಾರದಿತ್ತೇನೆ?”

“ಹೇಳಿದೆ. ಯಾರೂ ನಂಬಲಿಲ್ಲ.”

ಅವರು ಬಗ್ಗಿ ತಾಯಿಬೆಕ್ಕಿನ ಬೆನ್ನು ನೋಡಿದರು. ನಮ್ಮವರು ಒಳಗೆ ಹೋಗುವವರೆಗೆ ಕಾದು, ನನ್ನ ಕಿವಿಯ ಹತ್ತಿರ ಬಂದರು. “ನಮ್ಮ ತಾರಸಿ ಮೇಲೂ ಎರಡಿವೆ ಕಣೆ. ಒಂದಕ್ಕೆ ಕೂದಲೆಲ್ಲ ಉದುರ್ತಾ ಇದೆ.”

“ಏನು ಹಾಕ್ತೀರಿ?”

“ಹಾಲನ್ನ.” ಅವರ ಕಣ್ಣಲ್ಲಿ ನೀರಿತ್ತು. “ಸಾಯುತ್ತೇನೋ ಅಂತ ಭಯವಾಗಿದೆ. ನಿನ್ನ ಹಾಗೆ ಅಂಗಡಿಗೆ ಹೋಗಿ ನಿಲ್ಲೋ ಧೈರ್ಯ ನನಗಿಲ್ಲ. ನೀನು ತರುವಾಗ ಒಂದು ಚೂರು ನನಗೂ ತಂದುಕೊಡ್ತೀಯಾ? ಯಾರಿಗೂ ಹೇಳಬೇಡ.”

ನಾನು ಯಾರಿಗೂ ಹೇಳಲಿಲ್ಲ. ಶಕುಂತಲಮ್ಮನವರು ಹೇಳಿರಬೇಕು. ತಿಂಗಳೊಳಗೆ ಭಜನಾ ಮಂಡಳಿಯ ಐದು ಮನೆಗಳಿಂದ, ಪ್ರತಿಯೊಂದೂ ಬೇರೆ ಯಾರಿಗೂ ಗೊತ್ತಿಲ್ಲವೆಂಬ ನಂಬಿಕೆಯಲ್ಲಿ, ನನಗೆ ಪಿಸುಮಾತಿನ ಬೇಡಿಕೆಗಳು ಬಂದವು. ಒಬ್ಬರ ಹಿತ್ತಿಲಲ್ಲಿ ಮೂರು ಬೆಕ್ಕು, ಒಬ್ಬರ ಬಾವಿಕಟ್ಟೆಯಲ್ಲಿ ಒಂದು. ಪದ್ಮಳ ಮನೆಯಲ್ಲಿ ಬೆಕ್ಕಿಲ್ಲ. “ಒಂದು ಬರೋ ಹಾಗಿದೆ,” ಎಂದು ಅರ್ಧ ಕಿಲೋ ತರಿಸಿಕೊಳ್ಳುತ್ತಾಳೆ. ನಾನು ವಿಚಾರಿಸಿಲ್ಲ. ಒಟ್ಟಿಗೆ ಕೊಳ್ಳುವುದರಿಂದ ಎಲ್ಲರಿಗೂ ಅಗ್ಗವಾಗುತ್ತದೆ. ಭಾನುವಾರ ಬೆಳಿಗ್ಗೆ ಶಿವರಾಜು ನನಗೆ ಸ್ಟೂಲು ಹಾಕಿ ಕೂರಿಸುತ್ತಾನೆ, “ಮೇಡಮ್ಮೋರೆ, ನಿಜ ಹೇಳಿ, ಎಲ್ಲಾದ್ರೂ ಹೋಟ್ಲು ಮಡಗಿದ್ದೀರಾ?” ಎಂದು ಕೇಳುತ್ತಾನೆ.

ಇಷ್ಟಾದ ಮೇಲೆ ನೈವೇದ್ಯ ನನಗೆ ವಾಪಸು ಬಂದಿರಬೇಕೆಂದು ನೀವು ತಿಳಿದಿರಬಹುದು. ನಾನೂ ತಿಳಿದಿದ್ದೆ. ಧೈರ್ಯ ಮಾಡಿ ಶಕುಂತಲಮ್ಮನವರನ್ನು ಕೇಳಿದೆ. ಅವರಿಗೆ ನಿಜವಾಗಿಯೂ ಸಂಕಟವಾಯಿತು. “ನನಗೇನೂ ಇಲ್ಲ ಕಣೆ. ಆದರೆ ವಾರವಾರ ಕೋಳಿ ಮುಟ್ಟೋ ಕೈ ನೋಡು. ದೇವರಿಗೆ ಹೇಗೆ...” ಎಂದು ಹೇಳಿ, ಬರುವ ಭಾನುವಾರಕ್ಕೆ ಕಾಲು ಕಿಲೋ ಹೆಚ್ಚು ತರಲು ನೆನಪಿಸಿದರು.

ನನಗೆ ಸಿಟ್ಟು ಬರಬೇಕಿತ್ತು. ಮನೆಗೆ ಬರುವವರೆಗೆ ಅದನ್ನು ಬರಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಆದರೆ ಇದನ್ನು ನಿಮ್ಮೊಬ್ಬರಿಗೇ ಹೇಳುತ್ತೇನೆ: ಭಾನುವಾರ ಅಂಗಡಿಯಿಂದ ಬಂದು, ಮೂರು ಸಲ ಸೋಪು ಹಾಕಿ, ಒಂದು ಸಲ ನಿಂಬೆಹಣ್ಣು ಉಜ್ಜಿ ಕೈತೊಳೆದು ನಾನು ಮಾಡಿದ ಅಡುಗೆಯನ್ನು ನಮ್ಮವರು ಕಣ್ಣು ಮುಚ್ಚಿ ಉಣ್ಣುತ್ತಾರೆ. ನಾನು ಮಾತ್ರ, ಯಾರೂ ನೋಡದ ಹಾಗೆ, ಪ್ರತಿ ತುತ್ತನ್ನೂ ಒಮ್ಮೆ ಮೂಸಿ ನೋಡಿಯೇ ಬಾಯಿಗಿಡುತ್ತೇನೆ.